ಗೋಡೆ ಮೇಲಿನ ಆ ಚಾರ್ಟ್ ಇಳಿಸಿ

ನಮ್ಮ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ ರಾಕ್‌ವೆಲ್ ಮಷಿನ್ ಹಿಂದಿನ ಗೋಡೆ ಮೇಲೆ ಒಂದು ಚಾರ್ಟ್ ಇದೆ. ಮೆಕ್ಯಾನಿಕಲ್, ಇಂಡಸ್ಟ್ರಿಯಲ್, ಆಟೊಮೊಬೈಲ್ ಓದಿದ ಎಲ್ಲರಿಗೂ ಅದು ಗೊತ್ತು. ಬಣ್ಣ ಮಾಸಿದೆ, ಒಂದು ಮೂಲೆ ಹರಿದಿದೆ. ಎಡಗಡೆಯಿಂದ ಬ್ರಿನೆಲ್, ವಿಕರ್ಸ್, ರಾಕ್‌ವೆಲ್ ಸಿ, ರಾಕ್‌ವೆಲ್ ಬಿ, ಕೊನೆಗೆ ಟೆನ್ಸೈಲ್ ಸ್ಟ್ರೆಂತ್ ಅಂತ ಕಾಲಂಗಳು. ಬೇರೆ ಕಾಲೇಜಿನ ಗೆಳೆಯರನ್ನು ಕೇಳಿ ನೋಡಿದೆ, ಅವರ ಲ್ಯಾಬ್‌ನಲ್ಲೂ ಇಂಥದ್ದೇ ಒಂದು ಇದೆಯಂತೆ. ನನ್ನ ವಾದ ಇಷ್ಟೇ: ಆ ಚಾರ್ಟನ್ನು ಒಂದು ಸೆಮಿಸ್ಟರ್ ಮಟ್ಟಿಗಾದರೂ ಗೋಡೆಯಿಂದ ಇಳಿಸಿ ಬೀರುವಿನಲ್ಲಿಡಿ.

ಚಾರ್ಟ್ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಅದರಲ್ಲಿರುವ ಅಂಕಿಗಳು ಅನೇಕ ಮಾದರಿಗಳನ್ನು ಬೇರೆ ಬೇರೆ ಮಷಿನ್‌ಗಳಲ್ಲಿ ಅಳೆದು, ಹೋಲಿಸಿ, ಕಷ್ಟಪಟ್ಟು ಮಾಡಿದ್ದು. ನಾವು ಅದನ್ನು ಬಳಸುವ ರೀತಿ ತಪ್ಪು. ಲ್ಯಾಬ್ ರೆಕಾರ್ಡ್ ತೆಗೆದು ನೋಡಿ. ಮೈಲ್ಡ್ ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ ಅಂತ ಮೂರು ತುಂಡು. ಮೂರನ್ನೂ ರಾಕ್‌ವೆಲ್‌ನಲ್ಲಿ ಒತ್ತಿ ಡಯಲ್ ರೀಡಿಂಗ್ ಬರೀತೀವಿ. ಪಕ್ಕದಲ್ಲಿ ‘ಸಮಾನ ಬಿಎಚ್‌ಎನ್’ ಅಂತ ಒಂದು ಕಾಲಂ. ತಲೆ ಎತ್ತಿ ಗೋಡೆ ನೋಡಿ, ಆ ಸಾಲಿನಲ್ಲಿ ಬೆರಳು ಓಡಿಸಿ, ಸಿಕ್ಕಿದ ನಂಬರ್ ಬರೆದು, ಸಹಿ ಹಾಕಿಸಿಕೊಂಡು ಕ್ಯಾಂಟೀನ್‌ಗೆ ಹೋಗ್ತೀವಿ. ಮೂರು ಲೋಹಕ್ಕೂ ಅದೇ ಚಾರ್ಟು, ಅದೇ ಬೆರಳು.

ಆ ಚಾರ್ಟ್ ಇರೋದು ಸ್ಟೀಲ್‌ಗೆ. ಅದೂ ಎಲ್ಲಾ ಸ್ಟೀಲ್‌ಗಲ್ಲ. ಆ ಮಾತು ಚಾರ್ಟ್‌ನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಇರಬೇಕು. ನಮ್ಮದರಲ್ಲಿ ಆ ಸಾಲು ಕಟ್ಟಿನೊಳಗೆ ಮುಚ್ಚಿಹೋಗಿದೆ.

ಹಿತ್ತಾಳೆಯನ್ನೇ ತಗೊಳ್ಳಿ. ಕನ್ವರ್ಷನ್‌ಗೆ ಎಲ್ಲರೂ ಹೆಸರು ಹೇಳುವ ಎಎಸ್‌ಟಿಎಂ ಇ140 ಸ್ಟ್ಯಾಂಡರ್ಡ್‌ನಲ್ಲಿ ಇರೋದು ಒಂದು ಟೇಬಲ್ ಅಲ್ಲ. ಸಾಮಾನ್ಯ ಸ್ಟೀಲ್‌ಗೆ ಬೇರೆ, ನಿಕ್ಕಲ್ ಮಿಶ್ರಲೋಹಕ್ಕೆ ಬೇರೆ, ಕಾರ್ಟ್ರಿಜ್ ಹಿತ್ತಾಳೆಗೆ ಬೇರೆ, ಆಸ್ಟನಿಟಿಕ್ ಸ್ಟೇನ್‌ಲೆಸ್‌ಗೆ ಬೇರೆ, ತಾಮ್ರಕ್ಕೆ, ಅಲ್ಯೂಮಿನಿಯಂಗೆ ಬೇರೆ ಬೇರೆ. ಹಿತ್ತಾಳೆ ಟೇಬಲ್‌ನ ಮೊದಲ ಸಾಲಲ್ಲಿ ರಾಕ್‌ವೆಲ್ ಬಿ 93.5ಕ್ಕೆ ವಿಕರ್ಸ್ 196, ಬ್ರಿನೆಲ್ 169. ಅದೇ ರಾಕ್‌ವೆಲ್ ಬಿ 93.5 ಅನ್ನು ಸ್ಟೀಲ್ ಟೇಬಲ್‌ನಲ್ಲಿ ಹುಡುಕಿದರೆ ಬ್ರಿನೆಲ್ 200 ದಾಟುತ್ತೆ. ಮೂವತ್ತಕ್ಕೂ ಹೆಚ್ಚು ಅಂಕಿ ವ್ಯತ್ಯಾಸ. ಮಷಿನ್ ಕೆಟ್ಟಿಲ್ಲ, ಓದಿದವರ ಕಣ್ಣೂ ಸರಿ ಇದೆ. ಲೋಹ ಬೇರೆ, ಅಷ್ಟೇ. ಇನ್ನೊಂದು ಗಮನಿಸಿ. ಹಿತ್ತಾಳೆಯ ಆ ಸಾಲಿನಲ್ಲೇ ವಿಕರ್ಸ್‌ಗೂ ಬ್ರಿನೆಲ್‌ಗೂ ಹೊಂದಾಣಿಕೆ ಇಲ್ಲ. ಸ್ಟೀಲ್‌ನಲ್ಲಿ ಆ ಮಟ್ಟದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ನಂಬರ್ ಕೊಡುತ್ತವೆ.

ಯಾಕೆ ಹೀಗೆ ಅಂತ ಕೇಳಿದರೆ ‘ಸ್ಕೇಲ್ ಬೇರೆ’ ಅಂತ ಉತ್ತರ ಬರುತ್ತೆ. ಆ ಉತ್ತರ ಅರ್ಧ ಮಾತ್ರ ಸರಿ. ಸ್ಕೇಲ್ ಬೇರೆ ಅಂದ ಕೂಡಲೇ ನಮ್ಮ ತಲೆಗೆ ಸೆಲ್ಸಿಯಸ್ಸು ಫ್ಯಾರನ್‌ಹೀಟು ಬರುತ್ತೆ. ಅಲ್ಲಿ ಅಳೆಯುವ ವಸ್ತು ಒಂದೇ, ಉಷ್ಣಾಂಶ. ಬಿಸಿ ನೀರಾದರೇನು, ಬಿಸಿ ಎಣ್ಣೆಯಾದರೇನು, ಸೂತ್ರ ಬದಲಾಗಲ್ಲ. ಗಡಸುತನ ಹಾಗಲ್ಲ. ಇದಕ್ಕೆ ಹತ್ತಿರದ ಹೋಲಿಕೆ ಬೇಕಾದರೆ ನಾವೆಲ್ಲ ದಾಟಿ ಬಂದ ಸಿಇಟಿ ಮತ್ತು ಜೆಇಇ ನೋಡಿ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದವರಿಗೆ ಜೆಇಇಯಲ್ಲೂ ಸಾಮಾನ್ಯವಾಗಿ ಒಳ್ಳೆ ಪರ್ಸೆಂಟೈಲ್ ಬರುತ್ತೆ. ಸಾವಿರ ಜನರ ಲೆಕ್ಕ ಹಾಕಿ ಒಂದು ಟೇಬಲ್ ಕೂಡ ಮಾಡಬಹುದು. ಆದರೆ ಆ ಟೇಬಲ್ ನೋಡಿ, ಜೆಇಇ ಬರೆಯದೇ ಇದ್ದ ಹುಡುಗನಿಗೆ ‘ನಿನ್ನ ಪರ್ಸೆಂಟೈಲ್ 91.4’ ಅಂತ ಸರ್ಟಿಫಿಕೇಟ್ ಕೊಟ್ಟರೆ ಒಪ್ತೀರಾ? ಅದರಲ್ಲೂ ಪಿಯು ಬೋರ್ಡಿನ ಹುಡುಗರ ಮೇಲೆ ಮಾಡಿದ ಟೇಬಲ್ಲನ್ನು ಸಿಬಿಎಸ್‌ಇ ಹುಡುಗನಿಗೆ ಹಚ್ಚಿದರೆ? ಎರಡೂ ಪರೀಕ್ಷೆ ಬುದ್ಧಿಯನ್ನೇ ಅಳೆಯೋದು, ಆದರೆ ಕೇಳುವ ಪ್ರಶ್ನೆ ಬೇರೆ. ರಾಕ್‌ವೆಲ್ಲು ಬ್ರಿನೆಲ್ಲೂ ಲೋಹಕ್ಕೆ ಕೇಳುವ ಪ್ರಶ್ನೆ ಹಾಗೇ ಬೇರೆ.

ಏನು ಪ್ರಶ್ನೆ ಅಂತ ನೋಡೋಣ. ಬ್ರಿನೆಲ್‌ನಲ್ಲಿ 10 ಮಿಲಿಮೀಟರಿನ ಗುಂಡು, ಸ್ಟೀಲ್‌ಗಾದರೆ 3000 ಕೆಜಿಎಫ್ ಲೋಡ್. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಜಗತ್ತಿಗೆ ತೋರಿಸಿದ ವಿಧಾನ. ಲೋಡ್ ತೆಗೆದ ಮೇಲೆ ಉಳಿದ ಗುಳಿಯ ಅಗಲ ಅಳೆದು, ಲೋಡನ್ನು ಗುಳಿಯ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸ್ತೀವಿ. ಉತ್ತರಕ್ಕೆ ಯೂನಿಟ್ ಇದೆ, ಒತ್ತಡದ್ದೇ ಯೂನಿಟ್. ವಿಕರ್ಸ್ ಕೂಡ ಅದೇ ಜಾತಿ. ಗುಂಡಿನ ಬದಲು ವಜ್ರದ ಪಿರಮಿಡ್, ಅಗಲದ ಬದಲು ಕರ್ಣ.

ರಾಕ್‌ವೆಲ್ ಬೇರೆ ಕುಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬೇರಿಂಗ್ ಮಾಡುವ ಕಾರ್ಖಾನೆಯಲ್ಲಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ 1914ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1919ರಲ್ಲಿ ಸಿಕ್ಕಿತು. ಅವರಿಗೆ ಬೇಕಾಗಿದ್ದು ಹೀಟ್ ಟ್ರೀಟ್‌ಮೆಂಟ್ ಆದ ಬೇರಿಂಗ್ ರೇಸ್‌ಗಳನ್ನು ಬೇಗ ಬೇಗ ಪಾಸು ಫೇಲು ಮಾಡೋದು. ಮೈಕ್ರೋಸ್ಕೋಪ್ ಹಿಡಿದು ಗುಳಿಯ ಅಗಲ ಅಳೀತಾ ಕೂರೋಕೆ ಪುರುಸೊತ್ತಿಲ್ಲ. ಹಾಗಾಗಿ ಆಳ ಅಳೆದರು. ಮೊದಲು 10 ಕೆಜಿಎಫ್ ಸಣ್ಣ ಲೋಡ್, ಅಲ್ಲಿ ಸೊನ್ನೆ. ಆಮೇಲೆ ದೊಡ್ಡ ಲೋಡ್, ಅದನ್ನು ತೆಗೆದು ಎಷ್ಟು ಆಳ ಉಳಿಯಿತು ಅಂತ ನೋಡೋದು. ಸಿ ಸ್ಕೇಲ್‌ನಲ್ಲಿ 120 ಡಿಗ್ರಿ ವಜ್ರದ ಶಂಕು, ಒಟ್ಟು 150 ಕೆಜಿಎಫ್. ಉಳಿದ ಆಳವನ್ನು 0.002 ಮಿಲಿಮೀಟರಿಂದ ಭಾಗಿಸಿ 100ರಿಂದ ಕಳೆದರೆ ಎಚ್‌ಆರ್‌ಸಿ. ಬಿ ಸ್ಕೇಲ್‌ನಲ್ಲಿ ಇಂಚಿನ ಹದಿನಾರನೇ ಒಂದು ಭಾಗದ ಗುಂಡು, 100 ಕೆಜಿಎಫ್, 130ರಿಂದ ಕಳೀಬೇಕು. ಡಯಲ್ ಮೇಲೆ ಕಪ್ಪು ಅಂಕಿ ಕೆಂಪು ಅಂಕಿ ಯಾಕೆ ಎರಡಿವೆ ಅಂದರೆ ಇದಕ್ಕೇ. ಈ ನಂಬರಿಗೆ ಯೂನಿಟ್ಟೇ ಇಲ್ಲ. ಒತ್ತಡವೂ ಅಲ್ಲ, ಉದ್ದವೂ ಅಲ್ಲ. ನೂರರಿಂದ ಕಳೆದು ಉಳಿದಿದ್ದು ಅಷ್ಟೇ.

ಮೊದಲ ಸೆಮಿಸ್ಟರಿನಲ್ಲೇ ನಮಗೆ ಯೂನಿಟ್ ಹೊಂದದ ಎರಡನ್ನು ಸಮ ಅಂತ ಬರೀಬೇಡಿ ಅಂತ ಹೇಳಿಕೊಟ್ಟಿದ್ದಾರೆ. ಇಲ್ಲಿ ಮಾತ್ರ ಯಾರಿಗೂ ಅನುಮಾನ ಬರಲ್ಲ.

ಗುಳಿ ಬೀಳುವಾಗ ಲೋಹ ಸುಮ್ಮನೆ ಕೂರೋದಿಲ್ಲ ಅನ್ನೋದು ಇನ್ನೂ ಮುಖ್ಯ. ಒತ್ತಿದಷ್ಟೂ ಕೆಲವು ಲೋಹ ಗಟ್ಟಿಯಾಗ್ತಾ ಹೋಗುತ್ತೆ. ಅನೀಲ್ ಮಾಡಿದ ತಾಮ್ರದ ತಂತಿಯನ್ನು ನಾಲ್ಕು ಸಲ ಬಗ್ಗಿಸಿ ನೋಡಿ, ಐದನೇ ಸಲಕ್ಕೆ ಕೈಗೇ ಗೊತ್ತಾಗುತ್ತೆ. ಬೇರೆ ಬೇರೆ ಆಕಾರದ ಇಂಡೆಂಟರು ಲೋಹವನ್ನು ಬೇರೆ ಬೇರೆ ಪ್ರಮಾಣದಲ್ಲಿ ಜಜ್ಜುತ್ತವೆ. ವಿಕರ್ಸ್ ಪಿರಮಿಡ್ಡು ಎಷ್ಟೇ ಒಳಗೆ ಹೋದರೂ ಆಕಾರ ಅದೇ, ಹಾಗಾಗಿ ಜಜ್ಜುವ ಪ್ರಮಾಣವೂ ಹೆಚ್ಚುಕಡಿಮೆ ಸ್ಥಿರ, ಸುಮಾರು ಶೇಕಡಾ 8ರ ಸ್ಟ್ರೇನ್. ಗುಂಡು ಹಾಗಲ್ಲ, ಆಳಕ್ಕೆ ಹೋದಷ್ಟೂ ಜಜ್ಜುವುದು ಜಾಸ್ತಿ. ಹೀಗಾಗಿ ಗುಳಿ ಹೇಳುವ ನಂಬರು ಲೋಹದ ಸ್ವಭಾವದ ಜೊತೆಗೆ ಜಜ್ಜಿದ ಮೇಲೆ ಅದು ಹೇಗೆ ಗಟ್ಟಿಯಾಯಿತು ಅನ್ನೋದನ್ನೂ ಹೊತ್ತು ತರುತ್ತೆ. ಎರಡು ಲೋಹ ವಿಕರ್ಸ್‌ನಲ್ಲಿ ಒಂದೇ ನಂಬರ್ ತೋರಿಸಿ, ರಾಕ್‌ವೆಲ್‌ನಲ್ಲಿ ಬೇರೆ ತೋರಿಸಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. 304 ಸ್ಟೇನ್‌ಲೆಸ್ ಸ್ಟೀಲ್ ಹೀಗೆ ಒತ್ತಿದರೆ ಸಿಕ್ಕಾಪಟ್ಟೆ ಗಟ್ಟಿಯಾಗುವ ಜಾತಿ. ಅದಕ್ಕೇ ಅದಕ್ಕೆ ಪ್ರತ್ಯೇಕ ಟೇಬಲ್. ಹೆಸರಲ್ಲಿ ‘ಸ್ಟೀಲ್’ ಇದೆ ಅಂತ ನಮ್ಮ ಗೋಡೆ ಚಾರ್ಟಿಗೆ ಹೋಗೋ ಹಾಗಿಲ್ಲ.

ಇಲ್ಲೊಂದು ತಮಾಷೆ. ವೈವಾದಲ್ಲಿ ‘ವಿಕರ್ಸ್ ಇಂಡೆಂಟರ್ ಕೋನ ಎಷ್ಟು?’ ಅಂತ ಕೇಳ್ತಾರೆ. ‘136 ಡಿಗ್ರಿ ಸರ್’ ಅಂತ ನಿದ್ದೆಯಲ್ಲೂ ಹೇಳ್ತೀವಿ. 136 ಯಾಕೆ, 135 ಯಾಕಲ್ಲ ಅಂತ ನಾನು ಕೇಳಿದವರಲ್ಲಿ ಒಬ್ಬರೂ ಹೇಳಲಿಲ್ಲ. ಉತ್ತರ ಈ ವಿಷಯಕ್ಕೇ ಸೇರಿದ್ದು. 1920ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ವಿಕರ್ಸ್ ಕಂಪನಿಯಲ್ಲಿ ಸ್ಮಿತ್ ಮತ್ತು ಸ್ಯಾಂಡ್‌ಲ್ಯಾಂಡ್ ಎಂಬಿಬ್ಬರು ಈ ಪರೀಕ್ಷೆ ರೂಪಿಸಿದರು. ಅಷ್ಟು ಹೊತ್ತಿಗೆ ಎಲ್ಲರ ಬಾಯಲ್ಲೂ ಬ್ರಿನೆಲ್ ನಂಬರ್ ಕೂತುಬಿಟ್ಟಿತ್ತು. ಹೊಸ ನಂಬರು ಹಳೆಯದಕ್ಕೆ ಹತ್ತಿರ ಇದ್ದರೆ ಜನ ಒಪ್ತಾರೆ. ಬ್ರಿನೆಲ್‌ನಲ್ಲಿ ಗುಳಿಯ ಅಗಲ ಗುಂಡಿನ ವ್ಯಾಸದ ಕಾಲು ಭಾಗದಿಂದ ಅರ್ಧದವರೆಗೆ ಇರಬೇಕು ಅನ್ನೋದು ರೂಢಿ. ಅದರ ಸರಾಸರಿ 0.375. ಅಷ್ಟು ಅಗಲದ ಗುಳಿಯ ಅಂಚಿನಲ್ಲಿ ಗುಂಡಿಗೆ ಸ್ಪರ್ಶರೇಖೆ ಎಳೆದರೆ ಎರಡು ರೇಖೆಗಳ ನಡುವಿನ ಕೋನ 136 ಡಿಗ್ರಿ ಬರುತ್ತೆ. ಪೆನ್ನು ಕಾಗದ ಇದ್ದರೆ ಈಗಲೇ ಹಾಕಿ ನೋಡಿ: ಸೈನ್ ಬೆಲೆ 0.375 ಇರುವ ಕೋನ ಸುಮಾರು 22 ಡಿಗ್ರಿ, ಅದರ ಎರಡರಷ್ಟನ್ನು 180ರಿಂದ ಕಳೆಯಿರಿ.

ಅಂದರೆ ಒಂದು ಸ್ಕೇಲು ಇನ್ನೊಂದಕ್ಕೆ ಹೊಂದಲಿ ಅಂತಲೇ ಲೆಕ್ಕ ಹಾಕಿ ಕಟ್ಟಿದ್ದು ಇದು. ಅಷ್ಟು ಮಾಡಿಯೂ ಹೊಂದಾಣಿಕೆ ಎಲ್ಲಿವರೆಗೆ ಉಳೀತು? ಮೆತ್ತಗಿನ ಸ್ಟೀಲ್‌ನಲ್ಲಿ ಎರಡೂ ಜೊತೆಜೊತೆಗೆ ಹೋಗುತ್ತವೆ. ಎಚ್‌ಆರ್‌ಸಿ 20ರ ಹತ್ತಿರ ವಿಕರ್ಸ್ 238, ಬ್ರಿನೆಲ್ 226. ಎಚ್‌ಆರ್‌ಸಿ 40ಕ್ಕೆ 392 ಮತ್ತು 371. ಎಚ್‌ಆರ್‌ಸಿ 60ಕ್ಕೆ ಬಂದರೆ ವಿಕರ್ಸ್ 697, ಬ್ರಿನೆಲ್ 654. ಹೊಂದಲಿ ಅಂತ ಕಟ್ಟಿದ್ದೇ ಇಷ್ಟು ದೂರ ಸರಿಯುವಾಗ, ಆಳ ಅಳೆಯುವ ರಾಕ್‌ವೆಲ್ಲಿಂದ ಯಾವ ನಿಷ್ಠೆ ನಿರೀಕ್ಷಿಸೋದು?

ಇದೇ ಅಂಕಿಗಳಲ್ಲಿ ಇನ್ನೊಂದು ವಿಷಯ ಅಡಗಿದೆ. ಎಚ್‌ಆರ್‌ಸಿ 22ರಿಂದ 23ಕ್ಕೆ ಹೋದರೆ ವಿಕರ್ಸ್ 248ರಿಂದ 254ಕ್ಕೆ ಹೋಗುತ್ತೆ, ಆರು ಅಂಕಿ. ಎಚ್‌ಆರ್‌ಸಿ 61ರಿಂದ 62ಕ್ಕೆ ಹೋದರೆ 720ರಿಂದ 746ಕ್ಕೆ, ಇಪ್ಪತ್ತಾರು ಅಂಕಿ. ರಾಕ್‌ವೆಲ್‌ನ ಒಂದು ಪಾಯಿಂಟ್ ಎಲ್ಲಾ ಕಡೆ ಒಂದೇ ಅಳತೆಯದಲ್ಲ. ಕೆಳಗಡೆ ಅದು ಸಣ್ಣ ಮೆಟ್ಟಿಲು, ಮೇಲ್ಗಡೆ ದೊಡ್ಡ ಮೆಟ್ಟಿಲು. ಡ್ರಾಯಿಂಗ್‌ನಲ್ಲಿ ‘58–62 ಎಚ್‌ಆರ್‌ಸಿ’ ಅಂತ ಇದ್ದರೆ ನೋಡೋಕೆ ನಾಲ್ಕೇ ಪಾಯಿಂಟು, ವಿಕರ್ಸ್‌ನಲ್ಲಿ ಅದು 653ರಿಂದ 746. ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಎಚ್‌ಆರ್‌ಸಿ ಬೆಲೆಗಳ ಶೇಕಡಾವಾರು ಏರಿಕೆ ಲೆಕ್ಕ ಹಾಕ್ತಾರಲ್ಲ, ‘ಗಡಸುತನ ಶೇಕಡಾ 18.6 ಹೆಚ್ಚಾಯಿತು’ ಅಂತ, ಅದನ್ನು ದಯವಿಟ್ಟು ನಿಲ್ಲಿಸಿ. ನೂರರಿಂದ ಕಳೆದು ಉಳಿದ ನಂಬರಿಗೆ ಶೇಕಡಾವಾರು ಅನ್ನೋದಕ್ಕೆ ಅರ್ಥವೇ ಇಲ್ಲ.

ದಶಮಾಂಶದ ವ್ಯಾಮೋಹದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬ್ರಿನೆಲ್ ಗುಳಿಯ ಅಗಲ 4.00 ಮಿಲಿಮೀಟರ್ ಬಂದರೆ ನಂಬರ್ 229. ಚಾರ್ಟ್ ನೋಡಿದರೆ ಎಚ್‌ಆರ್‌ಸಿ 20.5. ರೆಕಾರ್ಡ್‌ನಲ್ಲಿ ‘20.5’ ಅಂತ ಗಂಭೀರವಾಗಿ ಬರೀತೀವಿ. ಈಗ ನಿಮ್ಮ ಪಕ್ಕದವನು ಅದೇ ಗುಳಿಯನ್ನು 0.05 ಮಿಲಿಮೀಟರ್ ಕಡಿಮೆ ಓದಿದ ಅನ್ನಿ. 3.95 ಆಯಿತು, ಬ್ರಿನೆಲ್ 235, ಎಚ್‌ಆರ್‌ಸಿ 21.7. ಆಚೆ ಕಡೆಯವನು 0.05 ಹೆಚ್ಚು ಓದಿದರೆ 4.05, ಬ್ರಿನೆಲ್ 223, ಎಚ್‌ಆರ್‌ಸಿ 18.8. ಅದೂ ಚಾರ್ಟ್‌ನಲ್ಲಿ ಆವರಣದೊಳಗೆ ಇರುತ್ತೆ, ಯಾಕಂದ್ರೆ 20ರ ಕೆಳಗೆ ಸಿ ಸ್ಕೇಲನ್ನು ನಂಬಬಾರದು. ಗುಳಿಯ ಅಂಚು ಸ್ವಲ್ಪ ಮಸುಕಾಗಿದ್ದರೆ ಯಾರಿಗಾದರೂ ಆಗುವ 0.05 ಮಿಲಿಮೀಟರ್ ವ್ಯತ್ಯಾಸಕ್ಕೆ ಸುಮಾರು ಮೂರು ಎಚ್‌ಆರ್‌ಸಿ ಅಂತರ. ಇದರ ಮೇಲೆ ಪಾಯಿಂಟ್ ಹಾಕಿ ಐದು ಅಂತ ಬರೆಯೋಕೆ ನಮಗೆ ಎಲ್ಲಿಂದ ಧೈರ್ಯ ಬರುತ್ತೋ! ಅದರ ಮೇಲೂ ಕೆಲವರು ಎಚ್‌ಆರ್‌ಸಿಯಿಂದ ಮತ್ತೆ ಕೊನೆ ಕಾಲಮ್ಮಿಗೆ ಹಾರಿ ಟೆನ್ಸೈಲ್ ಸ್ಟ್ರೆಂತ್ ಬರೆದು ಮುಗಿಸ್ತಾರೆ. ಎರಡು ಸಲ ಅಂದಾಜು ಮಾಡಿದ್ದನ್ನು ‘ಫಲಿತಾಂಶ’ ಅಂತ ಕರೀತೀವಿ.

‘ಲ್ಯಾಬ್ ರೆಕಾರ್ಡ್ ತಾನೇ, ಯಾರು ನೋಡ್ತಾರೆ ಬಿಡೋ’ ಅಂತ ನನ್ನ ಬ್ಯಾಚ್‌ಮೇಟ್‌ಗಳೇ ಹೇಳಿದ್ದಾರೆ. ಸರಿ, ರೆಕಾರ್ಡ್ ಬಿಡಿ. ನಮ್ಮಲ್ಲಿ ಎಷ್ಟೋ ಜನ ಕ್ವಾಲಿಟಿ ವಿಭಾಗಕ್ಕೇ ಹೋಗೋದು. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶಾಪ್, ಬೆಳಗಾವಿಯ ಫೌಂಡ್ರಿ, ಹೊರದೇಶದ ಪೈಪ್‌ಲೈನ್ ಪ್ರಾಜೆಕ್ಟ್, ಎಲ್ಲಿ ಹೋದರೂ ಮೊದಲ ವರ್ಷ ಕೈಗೆ ಕೊಡೋದು ಹಾರ್ಡ್‌ನೆಸ್ ಟೆಸ್ಟರು. ಅಲ್ಲಿ ಈ ಅಭ್ಯಾಸ ಏನು ಮಾಡುತ್ತೆ ನೋಡಿ.

ಕೇಸ್ ಹಾರ್ಡನಿಂಗ್ ಆದ ಒಂದು ಗೇರ್. ಮೇಲ್ಪದರ ಮಾತ್ರ ಗಡುಸು, ಒಳಗೆ ಮೆತ್ತಗೆ. ಪದರದ ದಪ್ಪ 0.3 ಮಿಲಿಮೀಟರ್ ಅನ್ನಿ. ಎಚ್‌ಆರ್‌ಸಿ 60 ಅಂದರೆ ವಜ್ರ ಉಳಿಸಿಹೋದ ಆಳ 40 ಗುಣಿಸು 0.002, ಅಂದರೆ 0.08 ಮಿಲಿಮೀಟರ್. ಗುಳಿಯ ಆಳದ ಹತ್ತು ಪಟ್ಟಾದರೂ ದಪ್ಪ ಇರಬೇಕು ಅನ್ನೋದು ನಿಯಮ, ಇಲ್ಲಿ 0.8 ಬೇಕು. 0.3ರ ಪದರ ಮೊಟ್ಟೆ ಸಿಪ್ಪೆ ಥರ ಕೆಳಕ್ಕೆ ಬಗ್ಗುತ್ತೆ, ಡಯಲ್ ಕಡಿಮೆ ತೋರಿಸುತ್ತೆ. ಇದಕ್ಕೆ ಸಣ್ಣ ಲೋಡಿನ ವಿಕರ್ಸ್ ಬೇಕು. ಒಂದು ಕೆಜಿಎಫ್ ಲೋಡಿನಲ್ಲಿ 700 ವಿಕರ್ಸ್ ಇರುವ ಮೇಲ್ಮೈಗೆ ಬೀಳುವ ಗುಳಿಯ ಕರ್ಣ ಸುಮಾರು 0.05 ಮಿಲಿಮೀಟರ್, ಆಳ ಅದರ ಏಳನೇ ಒಂದು ಭಾಗ. ಪದರಕ್ಕೆ ಏನೂ ಆಗಲ್ಲ. ಹಾಗೆ ಅಳೆದು ‘700 ಎಚ್‌ವಿ 1’ ಅಂತ ರಿಪೋರ್ಟ್ ಕೊಟ್ಟರೆ ಗ್ರಾಹಕ ಕೇಳುತ್ತಾನೆ, ‘ಡ್ರಾಯಿಂಗ್‌ನಲ್ಲಿ ಎಚ್‌ಆರ್‌ಸಿ ಇದೆಯಲ್ಲ?’ ಆಗ ಹುಡುಗ ಚಾರ್ಟ್ ನೋಡಿ ‘60 ಎಚ್‌ಆರ್‌ಸಿ’ ಅಂತ ತಿದ್ದಿ ಕಳಿಸ್ತಾನೆ. ಎಚ್‌ವಿ ಕಾಣೆಯಾಯಿತು. ಗ್ರಾಹಕನ ಕಡೆ ಇನ್‌ಸ್ಪೆಕ್ಟರು ಅದೇ ಗೇರನ್ನು ರಾಕ್‌ವೆಲ್‌ನಲ್ಲಿ ಒತ್ತಿ ಕಡಿಮೆ ನಂಬರ್ ಬಂತು ಅಂತ ಲಾಟ್ ವಾಪಸ್ ಕಳಿಸ್ತಾನೆ. ಗೇರು ಸರಿಯಾಗೇ ಇದೆ. ಕೆಟ್ಟಿದ್ದು ಕಾಗದ.

ಅದು ದುಡ್ಡಿನ ನಷ್ಟ ಮಾತ್ರ. ಇನ್ನೊಂದು ಕಡೆ ಪ್ರಾಣದ ಪ್ರಶ್ನೆ ಇದೆ. ತೈಲ ಮತ್ತು ಅನಿಲದ ಪೈಪುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ, ಆ ರಾಸಾಯನಿಕ ಕ್ರಿಯೆಯಲ್ಲಿ ಹುಟ್ಟಿದ ಹೈಡ್ರೋಜನ್ ಸ್ಟೀಲಿನೊಳಗೆ ನುಗ್ಗುತ್ತೆ. ಗಡಸುತನ ಜಾಸ್ತಿ ಇದ್ದ ಕಡೆ ಎಳೆತವೂ ಸೇರಿದರೆ ಮುನ್ಸೂಚನೆ ಇಲ್ಲದೆ ಬಿರುಕು ಬಿಡುತ್ತೆ. ಆ ಅನಿಲ ಎಂಥ ವಿಷ ಅಂತ ಕೆಮಿಕಲ್ ಬ್ರಾಂಚಿನವರಿಗೆ ಹೇಳಬೇಕಿಲ್ಲ. ಅದಕ್ಕೇ ಇಂಥ ಕಡೆ ಬಳಸುವ ಸಾಮಾನ್ಯ ಕಾರ್ಬನ್ ಸ್ಟೀಲಿಗೆ 22 ಎಚ್‌ಆರ್‌ಸಿ ಮೀರಬಾರದು ಅಂತ ನೇಸ್ ಎಂಆರ್0175 ಸ್ಟ್ಯಾಂಡರ್ಡ್ ಮಿತಿ ಹಾಕಿದೆ. ವೆಲ್ಡ್ ಆದ ಕಡೆ 10 ಕೆಜಿಎಫ್ ವಿಕರ್ಸ್‌ನಲ್ಲಿ 250 ಅನ್ನೋದು ಅದಕ್ಕೆ ಜೋಡಿ.

ಈಗ ವೆಲ್ಡ್ ಪಕ್ಕದ ಬಿಸಿ ತಾಗಿದ ವಲಯ ನೋಡಿ. ಅದು ಕೆಲವೇ ಮಿಲಿಮೀಟರ್ ಅಗಲ, ಅದರೊಳಗೂ ಗಡುಸಾದ ಪಟ್ಟಿ ಇನ್ನೂ ಕಿರಿದು. 250 ವಿಕರ್ಸ್ ಇದ್ದ ಕಡೆ 10 ಕೆಜಿಎಫ್ ಗುಳಿಯ ಕರ್ಣ 0.27 ಮಿಲಿಮೀಟರ್, ಆ ಪಟ್ಟಿಯೊಳಗೇ ಕೂರುತ್ತೆ. ಬ್ರಿನೆಲ್ ಗುಳಿ ನಾಲ್ಕು ಮಿಲಿಮೀಟರ್, ಗಡುಸು ಪಟ್ಟಿ, ಪಕ್ಕದ ವೆಲ್ಡು, ಆಚೆಯ ಪೈಪು ಎಲ್ಲವನ್ನೂ ಕಲಸಿ ಸರಾಸರಿ ಹೇಳುತ್ತೆ. ಆ ಸರಾಸರಿ 225 ಬಂತು, ಚಾರ್ಟ್ ಪ್ರಕಾರ 22 ಎಚ್‌ಆರ್‌ಸಿಗಿಂತ ಕಡಿಮೆ, ಪಾಸು! ಪಟ್ಟಿಯೊಳಗೆ 320 ವಿಕರ್ಸ್ ಕೂತಿದ್ದರೂ ಕಾಗದದಲ್ಲಿ ಕಾಣೋದಿಲ್ಲ. ಚಾರ್ಟ್ ಇಲ್ಲಿ ಸುಳ್ಳು ಹೇಳಲಿಲ್ಲ. ಇಡೀ ತುಂಡು ಒಂದೇ ಸಮ ಇದೆ ಅಂತ ಅದು ಮೊದಲೇ ನಂಬಿಕೊಂಡಿದೆ, ನಾವು ಆ ನಂಬಿಕೆಯನ್ನು ವೆಲ್ಡಿನ ಮೇಲೆ ಹೇರಿದೆವು.

ಫೌಂಡ್ರಿಗಳಲ್ಲಿ ಇದರ ತದ್ವಿರುದ್ಧ. ಗ್ರೇ ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಎಸಳುಗಳು ಹರಡಿರುತ್ತವೆ. ಅಲ್ಲಿ ಕಲಸಿ ಸರಾಸರಿ ಹೇಳುವ ದೊಡ್ಡ ಗುಂಡೇ ಬೇಕು. ಮೊನಚು ಇಂಡೆಂಟರ್ ಒಂದು ಸಲ ಗ್ರಾಫೈಟ್ ಮೇಲೆ, ಇನ್ನೊಂದು ಸಲ ಗಟ್ಟಿ ಜಾಗದಲ್ಲಿ ಬಿದ್ದು ಮನಸ್ಸಿಗೆ ಬಂದ ನಂಬರ್ ಕೊಡುತ್ತೆ. ಅದಕ್ಕೇ ಅವರು ಬ್ರಿನೆಲ್ ಬಿಡಲ್ಲ. ಯಾವ ಪ್ರಶ್ನೆಗೆ ಯಾವ ಮಷಿನ್ ಅಂತ ಯೋಚಿಸೋದೇ ಈ ಪ್ರಯೋಗದ ತಿರುಳು. ಚಾರ್ಟ್ ಎದುರಿಗೆ ಇದ್ದರೆ ಆ ಯೋಚನೆಯೇ ಹುಟ್ಟಲ್ಲ, ಯಾವುದರಲ್ಲಿ ಒತ್ತಿದರೂ ಬೇಕಾದ ನಂಬರ್ ಸಿಗುತ್ತಲ್ಲ!

ಈಗ ಗೋಡೆ ಚಾರ್ಟ್ ಕೂಡ ಹಳೇದಾಯ್ತು, ಅದು ಮಷಿನ್ ಒಳಗೇ ಹೋಗಿ ಕೂತಿದೆ. ಕೈಯಲ್ಲಿ ಹಿಡಿಯುವ ಪೆನ್ನಿನಂಥ ಟೆಸ್ಟರ್ ನೋಡಿರ್ತೀರಿ. ಒಂದು ಸಣ್ಣ ತುಂಡನ್ನು ಹಾರಿಸಿ ಹೊಡೆದು, ಅದು ಪುಟಿದು ಬಂದ ವೇಗವನ್ನು ಹೊಡೆದ ವೇಗದಿಂದ ಭಾಗಿಸಿ 1000ದಿಂದ ಗುಣಿಸುತ್ತೆ. ಇದು ಲೀಬ್ ವಿಧಾನ, 1970ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಬಂದದ್ದು. ಅದು ಅಳೆಯೋದು ಪುಟಿತವನ್ನು ಮಾತ್ರ. ಆದರೆ ಸ್ಕ್ರೀನ್ ಮೇಲೆ ನೇರವಾಗಿ ‘ಎಚ್‌ಆರ್‌ಸಿ 41.3’ ಅಂತ ಬರುತ್ತೆ. ಒಳಗೆ ಒಂದು ಕನ್ವರ್ಷನ್ ನಡೆದುಹೋಯಿತು, ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ಪುಟಿತ ಲೋಹದ ಎಲಾಸ್ಟಿಕ್ ಮಾಡ್ಯುಲಸ್ ಮೇಲೂ ನಿಂತಿದೆ. ಸ್ಟೀಲಿನದು ಸುಮಾರು 210 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು 70. ಅದಕ್ಕೆ ಮೆನುವಿನಲ್ಲಿ ಲೋಹ ಯಾವುದು ಅಂತ ಆರಿಸೋ ವ್ಯವಸ್ಥೆ ಇರುತ್ತೆ. ಹಿಂದಿನ ಪಾಳಿಯವನು ಎರಕದ ಕಬ್ಬಿಣ ಇಟ್ಟು ಹೋಗಿದ್ದರೆ ಇವತ್ತಿನ ಸ್ಟೀಲಿಗೂ ಅದೇ ಲೆಕ್ಕ. ತುಂಡು ಹಗುರ ಇದ್ದರೆ, ತೆಳ್ಳಗಿದ್ದರೆ ಅದೂ ಅಲುಗಾಡಿ ಪುಟಿತ ಕೆಡುತ್ತೆ. ಸ್ಕ್ರೀನು ಮಾತ್ರ ದಶಮಾಂಶ ಸಮೇತ ಧೈರ್ಯವಾಗಿ ಹೇಳುತ್ತೆ.

ಇದಕ್ಕೆ ಎದುರು ವಾದ ಇದೆ, ಅದು ಸಣ್ಣದೂ ಅಲ್ಲ. ನಮ್ಮ ಲ್ಯಾಬ್ ಮೇಡಂ ಜೊತೆ ಈ ಬಗ್ಗೆ ಮಾತಾಡಿದಾಗ ಅವರು ಹೇಳಿದ್ದು: ‘ಇಂಡಸ್ಟ್ರಿ ನಡೆಯೋದೇ ಕನ್ವರ್ಷನ್ ಮೇಲೆ ಕಣಪ್ಪಾ. ಐದು ಟನ್ ರೋಲರ್ ತಗೊಂಡು ಬಂದು ರಾಕ್‌ವೆಲ್ ಮಷಿನ್ ಮೇಲೆ ಇಡೋಕಾಗುತ್ತಾ?’ ನಿಜ. ಆಗಲ್ಲ. ಅಲ್ಲಿ ಲೀಬೇ ಗತಿ. ಎಲ್ಲಾ ಸ್ಕೇಲಿನ ಮಷಿನ್ ಎಲ್ಲರ ಹತ್ತಿರ ಇರಲ್ಲ ಅನ್ನೋದೂ ನಿಜ. ಅಂದಾಜು ಬೇಕಾದ ಕಡೆ ಅಂದಾಜು ಮಾಡಲೇಬೇಕು, ಇಂಜಿನಿಯರ್ ಆದವನು ಅಂದಾಜಿಗೆ ಹೆದರಬಾರದು. ಆದರೆ ಅದೇ ಇಂಡಸ್ಟ್ರಿಯ ಸ್ಟ್ಯಾಂಡರ್ಡು ಏನು ಹೇಳುತ್ತೆ ಅಂತ ನಮ್ಮ ರೆಕಾರ್ಡ್ ಹೇಳೋದಿಲ್ಲ. ಕೇಳಿದ ಸ್ಕೇಲಿನಲ್ಲಿ ಅಳೆಯೋಕೆ ಸಾಧ್ಯವೇ ಇಲ್ಲದಾಗ ಮಾತ್ರ ಕನ್ವರ್ಟ್ ಮಾಡಿ ಅನ್ನುತ್ತೆ ಅದು. ಮಾಡಿದರೆ ಅಳೆದ ಬೆಲೆಯನ್ನು ಆವರಣದಲ್ಲಿ ಜೊತೆಗೇ ಬರೀಬೇಕು. ಉದಾಹರಣೆಗೆ ‘353 ಎಚ್‌ಬಿಡಬ್ಲ್ಯೂ (38 ಎಚ್‌ಆರ್‌ಸಿ)’. ಅಂದರೆ ಅಳೆದದ್ದು 38 ಎಚ್‌ಆರ್‌ಸಿ, 353 ಚಾರ್ಟಿಂದ ಬಂದದ್ದು. ಓದಿದವನಿಗೆ ಯಾವುದು ಮಷಿನ್ ಹೇಳಿದ್ದು, ಯಾವುದು ಟೇಬಲ್ ಹೇಳಿದ್ದು ಅಂತ ಗೊತ್ತಾಗಬೇಕು. ಇಷ್ಟೇ ಶಿಸ್ತು. ಇದಕ್ಕೆ ಹೊಸ ಮಷಿನ್ ಬೇಡ, ಫಂಡ್ ಬೇಡ, ಒಂದು ಆವರಣ ಚಿಹ್ನೆ ಸಾಕು.

ಹಾಗಾದರೆ ಚಾರ್ಟ್ ಇಳಿಸಿದ ಮೇಲೆ ಆ ಮೂರು ಗಂಟೆ ಏನು ಮಾಡೋದು? ನನ್ನ ಸಲಹೆ: ನಮ್ಮ ಚಾರ್ಟ್ ನಾವೇ ಮಾಡೋಣ. ಲ್ಯಾಬ್‌ನಲ್ಲಿ ಮೂರೂ ಮಷಿನ್ ಇವೆ, ವಿಕರ್ಸ್ ಮಷಿನ್ ಮೇಲಿನ ಹೊದಿಕೆ ತೆಗೆದರೆ ಆಯ್ತು. ಇಎನ್8 ಸ್ಟೀಲಿನ ಐದಾರು ತುಂಡು ತಗೊಂಡು, ಎಲ್ಲವನ್ನೂ ಕ್ವೆಂಚ್ ಮಾಡಿ, ಬೇರೆ ಬೇರೆ ಉಷ್ಣಾಂಶದಲ್ಲಿ ಟೆಂಪರ್ ಮಾಡೋಣ. ಮಫಲ್ ಫರ್ನೇಸ್ ಹೇಗೂ ಇದೆ. ಪ್ರತಿ ತುಂಡನ್ನೂ ಮೂರು ಮಷಿನ್‌ನಲ್ಲೂ ಐದೈದು ಸಲ ಒತ್ತಿ, ಗ್ರಾಫ್ ಹಾಕೋಣ. ಆಮೇಲೆ ಅದೇ ಗ್ರಾಫ್ ಮೇಲೆ ಹಿತ್ತಾಳೆಯ ಬಿಂದುಗಳನ್ನು ಕೂರಿಸೋಣ. ಅವು ಸ್ಟೀಲಿನ ಗೆರೆ ಮೇಲೆ ಬೀಳ್ತಾವೋ ಇಲ್ಲವೋ ನೋಡೋಣ. ಒಂದು ತುಂಡು 304 ಸ್ಟೇನ್‌ಲೆಸ್ಸೂ ಸಿಕ್ಕರೆ ಇನ್ನೂ ಚೆನ್ನ, ವರ್ಕ್‌ಶಾಪ್ ಸ್ಕ್ರ್ಯಾಪ್‌ನಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತೆ. ಪ್ರತಿ ವರ್ಷದ ಬ್ಯಾಚ್ ತನ್ನ ಬಿಂದುಗಳನ್ನು ಅದೇ ಗ್ರಾಫಿಗೆ ಸೇರಿಸ್ತಾ ಹೋದರೆ, ನಾಲ್ಕು ವರ್ಷದಲ್ಲಿ ನಮ್ಮದೇ ಮಷಿನ್‌ಗಳ, ನಮ್ಮದೇ ಕಣ್ಣಿನ ತಪ್ಪುಗಳು ಎಷ್ಟು ಅಂತ ಕಾಣುವ ಒಂದು ಹಾಳೆ ಸಿಗುತ್ತೆ.

ಸಮಯ ಸಾಲಲ್ಲ ಅಂತೀರಾ? ಈಗ ಇಪ್ಪತ್ತು ಜನರ ಬ್ಯಾಚ್‌ನಲ್ಲಿ ಇಬ್ಬರು ಒತ್ತುತ್ತಾರೆ, ಹದಿನೆಂಟು ಜನ ಕಾಪಿ ಮಾಡ್ತಾರೆ. ಗುಂಪು ಮಾಡಿ ಹಂಚಿದರೆ ಧಾರಾಳ ಸಮಯ ಇದೆ. ಸಿಲೆಬಸ್ ಅಡ್ಡ ಬರುತ್ತೆ ಅನ್ನೋರಿಗೆ, ಪ್ರಯೋಗದ ಹೆಸರು ‘ಗಡಸುತನ ಪರೀಕ್ಷೆ’ ಅಂತಲೇ ಇರಲಿ. ಆ ಕೊನೇ ಕಾಲಂ ಸಿಲೆಬಸ್‌ನಲ್ಲಿಲ್ಲ, ನಮ್ಮ ಹಳೇ ರೆಕಾರ್ಡ್‌ಗಳಲ್ಲಿದೆ. ಸೀನಿಯರ್‌ದು ಜೂನಿಯರ್ ನೋಡಿ ಬರೆದು, ಅವರದು ಅವರ ಜೂನಿಯರ್ ನೋಡಿ ಬರೆದು, ಇಲ್ಲಿವರೆಗೂ ಬಂದಿದೆ.

ವೈವಾ ಪ್ರಶ್ನೆಯೂ ಬದಲಾಗಲಿ. ‘ಇದರ ಸಮಾನ ಬಿಎಚ್‌ಎನ್ ಎಷ್ಟು?’ ಅನ್ನೋ ಬದಲು ‘ಈ ತುಂಡಿಗೆ ಈ ಚಾರ್ಟ್ ಬಳಸಬಹುದಾ?’ ಅಂತ ಕೇಳಲಿ. ಬಳಸಬಾರದು ಅಂದವನಿಗೆ ಯಾಕೆ ಅಂತ ಕೇಳಲಿ. ಮುಂದಿನ ಸೆಮಿಸ್ಟರ್ ಮೂರನೇ ವರ್ಷದವರ ಲ್ಯಾಬ್ ಶುರುವಾಗೋದು ಇನ್ನು ಕೆಲವೇ ವಾರದಲ್ಲಿ. ಚಾರ್ಟ್ ಇಳಿಸೋಕೆ ಸ್ಟೂಲ್ ನಾನೇ ಹಿಡ್ಕೊಳ್ತೀನಿ, ಇಎನ್8 ರಾಡ್ ಕತ್ತರಿಸೋಕೆ ಇಬ್ಬರು ಬೇಕು. ಆಸಕ್ತಿ ಇದ್ದವರು ಲ್ಯಾಬ್ ಹತ್ತಿರ ಸಿಗಿ.